ಆರು ಪಾವು ತುಪ್ಪ

ಅಳಿಯ ಅಂದರೆ ಆಕಾಶದಿಂದ ಇಳಿದು ಬಂದವನೇ? ಎಮ್ಮಿಗನೂರಿನ ಚೆನ್ನಬಸಮ್ಮನವರ ಮನೆಯಲ್ಲಿ ಹಾಗೇ ಅಂತ ಕಾಣುತ್ತದೆ. ನಾವು ಆ ಮನೆಗೆ ಹೋಳಿಗೆ ಮಾಡಲು ಹೋಗಿದ್ದ ಎರಡು ದಿನದಲ್ಲಿ ಅವರ ಅಳಿಯ ಮಾರುತೇಶ್ ಅವರಿಗೆ ಎಷ್ಟು ಲೋಟ ಚಹಾ ಹೋಯಿತು, ಎಷ್ಟು ಸಲ ಅವರ ಕುರ್ಚಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿದರು ಅಂತ ಯಾರೂ ಬರೆದಿಡಲಿಲ್ಲ. ನಮ್ಮ ಕೈಗೆ ಕೊಟ್ಟ ತುಪ್ಪ ಮಾತ್ರ ಒಂದು ಪಾವೂ ಬಿಡದೆ ನೋಟ್‌ಬುಕ್ಕಿಗೆ ಹತ್ತಿತು.

ನಾನು ಗಾದಿಗನೂರಿನ ರೇಣುಕಮ್ಮ. ನಾನು, ಸುಂಕಮ್ಮ, ತುಳಸಿ, ಮೂವರದು ಒಂದು ಗುಂಪು. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಮದುವೆ, ತೊಟ್ಟಿಲು ಏನೇ ಇರಲಿ, ಹೋಳಿಗೆ ಅಂದರೆ ನಮ್ಮನ್ನು ಕರೆಯುತ್ತಾರೆ. ಈ ಕೆಲಸದಲ್ಲಿ ಹೋಳಿಗೆ ತೆಳ್ಳಗೆ ಬರುವುದು ಆಮೇಲಿನ ಮಾತು, ಮೊದಲು ಕೈ ಶುದ್ಧ ಇರಬೇಕು. ಬೇರೆಯವರ ಮನೆಯ ತುಪ್ಪ, ಗೋಡಂಬಿ, ಏಲಕ್ಕಿಯ ನಡುವೆ ದಿನವಿಡೀ ಕೂರುವವರು ನಾವು. ಒಬ್ಬಳ ಕೈ ಸರಿಯಿಲ್ಲ ಅಂತ ಒಂದು ಮನೆಯಲ್ಲಿ ಮಾತು ಹುಟ್ಟಿತೋ, ನಾವು ಬಸ್ಸು ಇಳಿಯುವ ಮೊದಲೇ ಅದು ಊರು ಮುಟ್ಟಿರುತ್ತದೆ. ಆಮೇಲೆ ಅವಳನ್ನು ಯಾರೂ ತಮ್ಮ ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ. ಅಂಥ ಮಾತು ನಮ್ಮ ಗುಂಪಿನ ಮೇಲೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಚೆನ್ನಬಸಮ್ಮನವರ ಮಗನ ಮಗಳು ಗಾಯತ್ರಿ ಏಳು ತಿಂಗಳ ಬಸುರಿ. ತವರಿನವರು ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಊರಿಗೆಲ್ಲ ಹೋಳಿಗೆ ಊಟ ಹಾಕಬೇಕು. ಅದಕ್ಕೆಂದೇ ಆ ಹಿರಿಯಾಕೆ ದಸರೆಯಿಂದ ತಮ್ಮ ಎಮ್ಮೆಗಳ ತುಪ್ಪ ಕೂಡಿಸಿಟ್ಟಿದ್ದರು. ಅಂಗಡಿಯಿಂದ ಬಂದ ಬೇಳೆ, ಬೆಲ್ಲ ಎಲ್ಲ ಕೆಜಿ ಲೆಕ್ಕ. ಮನೆಯ ತುಪ್ಪಕ್ಕೆ ಮಾತ್ರ ಅವರ ಅತ್ತೆಯ ಕಾಲದ ಹಿತ್ತಾಳೆಯ ಸೇರು ಮತ್ತು ಪಾವು. ನಾಲ್ಕು ಪಾವಿಗೆ ಒಂದು ಸೇರು ಅನ್ನುವುದು ಆ ಮನೆಯ ಎಮ್ಮೆಗಳಿಗೂ ಗೊತ್ತಿತ್ತೇನೋ. ನಾವು ಹೋದ ದಿನ ಅಳೆದಾಗ ಹನ್ನೆರಡು ಸೇರು, ಮೇಲೆ ಒಂದು ಪಾವು ಬಂತು. ಬಿಸಿಲಿನ ಕಾಲ, ತುಪ್ಪ ಕರಗಿ ನೀರಾಗಿತ್ತು, ಅಳೆಯುವುದು ಕಷ್ಟವಾಗಲಿಲ್ಲ.

ಉಗ್ರಾಣದ ಬೀಗದ ಕೈ ಅಳಿಯಂದಿರ ಸೊಂಟದಲ್ಲಿತ್ತು. ಟಿ.ಬಿ. ಡ್ಯಾಂ ಕಡೆ ಯಾವುದೋ ಆಫೀಸಿನಲ್ಲಿ ಗುಮಾಸ್ತರಂತೆ. ಲೆಕ್ಕ ಅಂದರೆ ಅವರು, ಅವರು ಅಂದರೆ ಲೆಕ್ಕ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಉಗ್ರಾಣದ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ತುಪ್ಪ ಬೇಕಾದಾಗ ಸುಂಕಮ್ಮ ಪಾತ್ರೆ ಹಿಡಿದು ಹೋಗುವುದು, ಅವರು ಪಾವಿನಲ್ಲಿ ಅಳೆದು ಕೊಟ್ಟು ಒಂದು ಗೀಟು ಎಳೆಯುವುದು. ಪ್ರತಿ ಸಲವೂ ಒಂದು ಮಾತು ಇದ್ದೇ ಇರುತ್ತಿತ್ತು.

"ಮತ್ತ ಬಂದ್ಯಾ? ಹೋಳ್ಗಿಗೆ ಹಾಕ್ತೀರೋ, ಕುಡೀತೀರೋ ನೀವು?"

ಸುಂಕಮ್ಮ ಇದಕ್ಕೆ ಉತ್ತರ ಕೊಡುವವಳಲ್ಲ. ಅವಳಿಗೆ ಮಾತು ಕಡಿಮೆ, ಕೈ ಜೋರು. ಅವಳು ಲಟ್ಟಿಸಿದ ಹೋಳಿಗೆಯನ್ನು ಎತ್ತಿ ಹಿಡಿದರೆ ಆ ಕಡೆಯ ಬೆರಳು ಕಾಣಬೇಕು, ಹೂರಣ ಮಾತ್ರ ಒಂದು ಕಡೆಯೂ ಹೊರಗೆ ಬರಬಾರದು. ಮೊದಲ ದಿನ ಐನೂರು ರವೆ ಉಂಡೆ ಕಟ್ಟಿದೆವು. ಎರಡನೆಯ ದಿನ ಹೋಳಿಗೆಗೆ ಕೂತೆವು.

ಸಂಜೆ ಐದರ ಹೊತ್ತಿಗೆ ನಾನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅಳಿಯಂದಿರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಪೆಂಡಾಲು ಕಟ್ಟುವವನೊಬ್ಬ ಇನ್ನೂ ಎಷ್ಟಿದೆ ಅಂತ ಕೇಳಿದ.

"ಮೂರು ಪಾಯಿಂಟ್ ಎರಡು ಓವರ್. ಇಪ್ಪತ್ತು ಬಾಲು ಐತಿ," ಅಂದರು, ತಲೆ ಕೂಡ ಎತ್ತದೆ. ಹುಷಾರು ಮನುಷ್ಯ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಆಟ ಮುಗಿದ ಮೇಲೆ ಅವರಿಗೆ ಉಳಿದ ತುಪ್ಪ ನೋಡುವ ಮನಸ್ಸಾಯಿತು. ಅತ್ತೆಯನ್ನು ಕರೆದು ಅಳೆಸಿದರು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಕೂಗು ಕೇಳಿತು.

"ರೇಣುಕಮ್ಮಾ! ಹೊರಗ ಬಾ. ನಿನ್ನ ಮಂದೀನೂ ಕರಕೊಂಡು ಬಾ!"

ಹೋದೆವು. ಪೆಂಡಾಲಿನ ಗಂಡಸರು ಹಗ್ಗ ಬಿಟ್ಟು ನಿಂತಿದ್ದರು. ವೀಳ್ಯದೆಲೆ ಒರೆಸುತ್ತಿದ್ದ ಓಣಿಯ ಹೆಂಗಸರು ಕೈ ನಿಲ್ಲಿಸಿದ್ದರು. ಅಳಿಯಂದಿರು ಲೆಕ್ಕ ಹಾಕಿದ ಮೊಬೈಲನ್ನು ನಮ್ಮ ಮುಖದ ಮುಂದೆ ಹಿಡಿದರು.

"ಹನ್ನೆರಡು ಪಾಯಿಂಟ್ ಒಂದು ಇತ್ತು. ಏಳು ಪಾಯಿಂಟ್ ಮೂರು ಕೊಟ್ಟೀನಿ. ಉಳೀಬೇಕಾಗಿದ್ದು ನಾಲ್ಕು ಪಾಯಿಂಟ್ ಎಂಟು. ಅತ್ತಿ ಅಳದ್ರ ಬಂದಿದ್ದು ನಾಲ್ಕು ಸೇರು ಎರಡು ಪಾವು. ಆರು ಪಾವು ಎಲ್ಲಿ ಹೋತು? ಒಂದೂವರಿ ಸೇರು ತುಪ್ಪ ಎಲ್ಲಿ ಹೋತು, ಹೇಳು!"

ಪರದೆಯ ಮೇಲೆ 4.8 ಅಂತ ಇದ್ದದ್ದು ನನಗೂ ಕಾಣುತ್ತಿತ್ತು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಂಕಿ ಗೊತ್ತು. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನಾನು ತಿರುಗಿ ಸುಂಕಮ್ಮನ ಮುಖ ನೋಡಿದೆ. ತುಪ್ಪ ತರಲು ಹೋಗುತ್ತಿದ್ದವಳು ಅವಳೊಬ್ಬಳೇ. ಅವಳೂ ನನ್ನನ್ನು ನೋಡಿದಳು. ನಾನು ಬೇಗ ಕಣ್ಣು ತಪ್ಪಿಸಿದೆ.

"ಯಾರು ಬರ್ತಿದ್ಲು ದಿನಾ ತುಪ್ಪಕ್ಕ? ಇವಳೇ ಅಲ್ಲ? ಇವಳ ಚೀಲ ಯಾವುದು?"

ನಾನು ಬಾಯಿ ತೆರೆಯುವುದರೊಳಗೆ ಆ ಮನುಷ್ಯ ನಮ್ಮ ಚೀಲಗಳಿದ್ದ ಪಡಸಾಲೆಗೆ ನುಗ್ಗಿ, ಕಂಪ್ಲಿಯ ಸೀರೆ ಅಂಗಡಿಯ ಹಳದಿ ಚೀಲ ಎತ್ತಿಕೊಂಡು ಬಂದ. ಅದು ಸುಂಕಮ್ಮನದು. ಅಲ್ಲಿಯವರೆಗೆ ನಾನು ಅವನಿಗೆ ಬಹುವಚನ ಹಾಕಿದ್ದು ಸಾಕು. ಆ ಚೀಲಕ್ಕೆ ಅವನು ಕೈ ಹಾಕಿದ ಮೇಲೆ, ಎದುರಿಗೆ ರೀ ಅಂದರೂ, ಹಿಂದಿನಿಂದ ನನ್ನ ನಾಲಿಗೆ ಅದಕ್ಕೆ ಹೊರಳಿಲ್ಲ, ಈಗಲೂ ಹೊರಳುವುದಿಲ್ಲ.

ಒಂದೊಂದೇ ತೆಗೆದು ಕಟ್ಟೆಯ ಮೇಲೆ ಎಸೆದ. ಉಡಲು ತಂದ ಇನ್ನೊಂದು ಸೀರೆ. ಎಲೆ ಅಡಿಕೆಯ ಚೀಲ. ಒಳಲಂಗ. ಹೌದು, ಅಷ್ಟು ಗಂಡಸರ ಮುಂದೆ ಅವಳ ಒಳಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಾಕಿದ. ತಳದಲ್ಲಿ ಒಂದು ಬಾಟಲಿ ಸಿಕ್ಕಿತು. ಅವನ ಮುಖ ಅರಳಿತು. ಮುಚ್ಚಳ ತೆಗೆದು ಮೂಸಿದ, ಅಂಗೈಗೆ ಸುರುವಿಕೊಂಡು ನೋಡಿದ. ಅದು ಸುಂಕಮ್ಮ ಮೊಣಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ದಿನಕ್ಕೆ ಹತ್ತು ತಾಸು ನೆಲದ ಮೇಲೆ ಕೂತು ಊರವರ ಬಾಯಿಗೆ ಸಿಹಿ ಮಾಡುವವರಿಗೆ ಆ ಎಣ್ಣೆ ಬೇಕಾಗುತ್ತದೆ.

ತುಪ್ಪ ಇಲ್ಲ ಅಂತ ಕಂಡ ಮೇಲಾದರೂ ಸುಮ್ಮನಾಗಬೇಕಲ್ಲ? ಅವನು ಏನಂದ ಗೊತ್ತೇ?

"ಹಂಗಾರ ಮೊದ್ಲ ಸಾಗ್ಸಿಬಿಟ್ಟಾಳ."

ಸುಂಕಮ್ಮ ಅಳಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಯನ್ನು ಸೀರೆಗೆ ತಾಗದಂತೆ ಮುಂದೆ ಹಿಡಿದು ಹಾಗೇ ನಿಂತಿದ್ದಳು.

"ಕೊಟ್ಟಿದ್ದೆಲ್ಲ ಒಲಿಗೇ ಹೋಗೈತ್ರಿ," ಅಂದಳು. ಅಷ್ಟೇ.

ಚೆನ್ನಬಸಮ್ಮನವರು ಆಗ ಬಾಯಿ ಬಿಟ್ಟರು. "ಹೋಗ್ಲಿ ಬಿಡ್ರವ್ವಾ. ನಾಳೆ ಶುಭಕಾರ್ಯ ಐತಿ. ತುಪ್ಪ ಹೋದ್ರ ಹೋತು. ಅಳಿಯಂದ್ರ ಮುಂದ ಮಾತು ಬೆಳಸಬ್ಯಾಡ್ರಿ, ಒಳಗ ನಡೀರಿ."

ನೋಡಿ, ಅವನ ಬೈಗುಳಕ್ಕಿಂತ ನನಗೆ ಉರಿದದ್ದು ಈ ದೊಡ್ಡತನ. ಕದಿಯದವಳನ್ನು ಕ್ಷಮಿಸುವುದು ಅಂದರೆ ಕದ್ದಳು ಅಂತ ಮುದ್ರೆ ಒತ್ತಿದ ಹಾಗೆ. ನಾವು ತಲೆ ತಗ್ಗಿಸಿ ಒಳಗೆ ಹೋಗಿದ್ದರೆ ಸುಂಕಮ್ಮನ ಬದುಕು ಅವತ್ತಿಗೆ ಮುಗಿಯುತ್ತಿತ್ತು.

"ತುಳಸೀ, ಹಂಚು ಇಳಿಸು," ಅಂದೆ. "ಒಲಿ ಆರ್ಸು."

"ಏನಿದು?" ಅಂದರು ಚೆನ್ನಬಸಮ್ಮ. "ಇನ್ನ ಅರ್ಧ ಹೋಳ್ಗಿ ಬಾಕಿ ಅದಾವಲ್ಲಾ!"

"ಇರ್ಲಿ ಬಿಡ್ರಿ. ಈ ಲೆಕ್ಕ ಮುಗಿಯೋ ತನಕ ನಿಮ್ಮ ಮನ್ಯಾಗ ಒಂದು ಹೋಳ್ಗಿ ಸುಡಂಗಿಲ್ಲ."

ಅಳಿಯ ನಕ್ಕ. "ಲೆಕ್ಕ ಏನೈತಿ ಮುಗಿಯಾಕ? ಮೊಬೈಲ್ ಸುಳ್ಳು ಹೇಳ್ತೈತೇನು? ನಾಲ್ಕು ಸೇರು ಎಂಟು ಪಾವು ಇರಬೇಕಿತ್ತು, ಇಲ್ಲ. ಅಷ್ಟ."

ನಾಲ್ಕು ಸೇರು ಎಂಟು ಪಾವು. ಅವನು ಆ ಮಾತನ್ನು ಬಾಯಿ ತುಂಬ ಹೇಳಿದಾಗ ನನ್ನ ತಲೆಯಲ್ಲಿ ಏನೋ ಥಟ್ಟನೆ ನಿಂತಿತು. ಪಾಯಿಂಟು ಪಾಯಿಂಟು ಅಂತ ಅಂದಷ್ಟೂ ಹೊತ್ತು ಅದು ನನಗೆ ಕಂಡಿರಲಿಲ್ಲ.

"ಇನ್ನೊಮ್ಮೆ ಅನ್ರಿ. ನಾಲ್ಕು ಸೇರು ಮ್ಯಾಲ ಎಷ್ಟು ಪಾವು?"

"ಎಂಟು."

"ಚೆನ್ನಬಸಮ್ಮಾರ, ನಿಮ್ಮ ಮನ್ಯಾಗ ಸೇರಿಗೆ ಎಷ್ಟು ಪಾವು?"

"ನಾಲ್ಕು. ಎಲ್ಲರ ಮನ್ಯಾಗೂ ನಾಲ್ಕ ಅಲ್ಲೇನ?"

"ಮತ್ತ ಎಂಟು ಪಾವು ಅಂದ್ರ ಎರಡು ಸೇರಾತು. ನಾಲ್ಕು ಸೇರಿನ ಮ್ಯಾಲ ಎರಡು ಸೇರು ಬಿಡಿ ಕುಂತಾವೇನು? ಹಂಗಾದ್ರ ಆರು ಸೇರು ಅನ್ಬೇಕಿತ್ತು ನಿಮ್ಮ ಅಳಿಯಂದ್ರು!"

"ಅದು ಪಾಯಿಂಟ್ ಎಂಟು," ಅಂದ ಅವನು. "ಪಾಯಿಂಟ್ ಅಂದ್ರ ಏನಂತ ನಿನಗ ತಿಳಿಯಂಗಿಲ್ಲ. ಸುಮ್ಮನಿರು."

ನನಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಅಂತ ಹೇಳಲು ಇವನು ಯಾರು? ನಾನು ಒಳಗೆ ಹೋಗಿ, ಉಂಡೆ ಕಟ್ಟಿಟ್ಟಿದ್ದ ಹೂರಣದ ದೊಡ್ಡ ಪರಾತವನ್ನೇ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಇಟ್ಟೆ. ಪಕ್ಕದಲ್ಲಿ ಎರಡು ಬಾಳೆ ಎಲೆ ಹಾಸಿದೆ.

"ಬರ್ರಿ ಚೆನ್ನಬಸಮ್ಮಾರ, ಇಲ್ಲಿ ಕುಂದ್ರಿ. ಒಂದು ಉಂಡಿ ಅಂದ್ರ ಒಂದು ಪಾವು. ನಾಲ್ಕು ಉಂಡಿ ಒಂದು ಗುಡ್ಡಿ ಮಾಡಿದ್ರ ಒಂದು ಸೇರು. ನೀವ ಎಣಸ್ರಿ. ನನ್ನ ಮ್ಯಾಲೂ ನಂಬಿಕಿ ಇಡಬ್ಯಾಡ್ರಿ."

ಆಕೆ ಅಳಿಯನ ಮುಖ ನೋಡಿದರು, ನನ್ನ ಮುಖ ನೋಡಿದರು, ಆರಿದ ಒಲೆಯ ಕಡೆ ನೋಡಿದರು. ಕೊನೆಗೆ ಕೂತರು. ಹನ್ನೆರಡು ಗುಡ್ಡೆ ಇಟ್ಟು ಒಂದು ಉಂಡೆಯನ್ನು ಬೇರೆ ಇಟ್ಟೆ. ಹೆಂಗಸರು ಒಬ್ಬೊಬ್ಬರೇ ಸುತ್ತ ಬಂದು ಬಗ್ಗಿದರು.

"ಹನ್ನೆರಡು ಸೇರು ಒಂದು ಪಾವು. ಹೌದಲ್ರಿ? ಈಗ ಇದ್ರಾಗ ಏಳು ಸೇರು ಮೂರು ಪಾವು ತೆಗೀಬೇಕು. ಮೊದ್ಲ ಏಳು ಸೇರು ತೆಗೀರಿ."

ಚೆನ್ನಬಸಮ್ಮನವರು ಏಳು ಗುಡ್ಡೆಯನ್ನು ಇನ್ನೊಂದು ಎಲೆಗೆ ಸರಿಸಿದರು. ಐದು ಗುಡ್ಡೆ ಮತ್ತು ಒಂದು ಒಂಟಿ ಉಂಡೆ ಉಳಿಯಿತು.

"ಇನ್ನ ಮೂರು ಪಾವು ತೆಗೀಬೇಕು. ಬಿಡಿ ಇರೋದು ಒಂದ. ಏನ್ಮಾಡ್ತೀರಿ?"

"ಒಂದು ಸೇರು ಒಡೀಬೇಕು," ಅಂದರು ಆಕೆ. ಐವತ್ತು ವರ್ಷ ತುಪ್ಪ ಅಳೆದ ಕೈ ಅದು. ನಾನು ಕೇಳುವ ಮೊದಲೇ ಒಂದು ಗುಡ್ಡೆಯನ್ನು ಕೆದರಿಬಿಟ್ಟಿದ್ದರು.

"ಒಡದ್ರ ಎಷ್ಟು ಪಾವು ಬಂತು?"

"ನಾಲ್ಕು. ಮೊದ್ಲಿಂದು ಒಂದು. ಐದು ಆತು. ಮೂರು ತೆಗದ್ರ..." ಆಕೆಯ ಬೆರಳು ಹೂರಣದ ಮೇಲೆ ನಿಂತಿತು. "ಎರಡು."

"ಗುಡ್ಡಿ ಎಷ್ಟು ಉಳದಾವು?"

"ನಾಲ್ಕು." ಆಕೆಯ ಧ್ವನಿ ಇಳಿಯಿತು. "ನಾಲ್ಕು ಸೇರು ಎರಡು ಪಾವು. ಈಗ ನಾನು ಅಳದಾಗ ಬಂದಿದ್ದೂ ಅಷ್ಟ."

ನಾನು ಅವನ ಕಡೆ ತಿರುಗಿದೆ.

"ನೋಡಿದ್ರ್ಯಾ? ನಾವು ಸೇರು ಒಡದ್ರ ನಾಲ್ಕು ಪಾವು ಬರ್ತಾವ. ನಿಮ್ಮ ಮೊಬೈಲು ಸೇರು ಒಡದು ಹತ್ತು ಪಾವು ಮಾಡೈತಿ. ಹತ್ತರಾಗ ನಾಲ್ಕು ಹೋದ್ರ ಆರು. ಆ ಆರು ಪಾವು ತುಪ್ಪ ನಿಮ್ಮ ಮೊಬೈಲಿನಾಗ ಐತ್ರಿ. ಅದನ್ನ ಸುರುವಿ ನೋಡ್ರಿ, ಸುಂಕಮ್ಮನ ಚೀಲ ಸುರುವಬ್ಯಾಡ್ರಿ!"

ಅವನು ಮೊಬೈಲನ್ನು ಒಮ್ಮೆ ನೋಡಿ ಜೇಬಿಗೆ ಹಾಕಿದ. "ಹಂಗ ಬರ್ತೈತಿ ಒಮ್ಮೊಮ್ಮೆ. ಕ್ಯಾಲ್ಕುಲೇಟರ್ ಮಿಸ್ಟೇಕು. ಅದಕ್ಕ ಇಷ್ಟು ದೊಡ್ಡ ಗದ್ಲ ಯಾಕ? ಆತು, ಒಳಗ ಹೋಗಿ ಕೆಲ್ಸ ನೋಡ್ರಿ."

"ಕ್ಯಾಲ್ಕುಲೇಟರ್ ಏನು ಸುಂಕಮ್ಮನ ಚೀಲಕ್ಕ ಕೈ ಹಾಕಿತ್ತೇನ್ರಿ? ಆಕಿ ಲಂಗ ಎತ್ತಿ ಒಗದಿದ್ದು ಕ್ಯಾಲ್ಕುಲೇಟರೇನು? ಒಂದು ತಾಸಿನ ಹಿಂದ ಮೂರು ಪಾಯಿಂಟ್ ಎರಡು ಓವರ್ ಅಂದ್ರ ಇಪ್ಪತ್ತು ಬಾಲು ಅಂತ ತಲಿ ಎತ್ತದಂಗ ಹೇಳಿದ್ರಿ. ಮೂವತ್ತೆರಡು ಅನ್ಲಿಲ್ಲ. ಓವರಿಗೆ ಆರ ಬಾಲು ಅಂತ ಬರೋಬರಿ ಗೊತ್ತಿತ್ತು. ಯಾರೋ ಹೊಡಿಯೋ ಬಾಲಿಗೆ ಅಷ್ಟು ಲೆಕ್ಕ ನಿಮಗ. ಒಬ್ಬ ಹೆಣ್ಮಗಳ ಹೆಸರಿಗೆ ಇಲ್ಲ!"

ಪೆಂಡಾಲಿನವರಲ್ಲಿ ಒಬ್ಬ ನಗು ತಡೆಯಲಾರದೆ ಆಚೆ ತಿರುಗಿಕೊಂಡ. ಅಳಿಯನ ಮುಖ ಕೆಂಪಾಯಿತು. ಅತ್ತೆಯ ಕಡೆ ನೋಡಿದ. ಎಂದಿನಂತೆ ಆಕೆ ತನ್ನ ಪರವಾಗಿ ಮಾತಾಡುತ್ತಾರೆ ಅಂತ ಕಾಯುತ್ತಿದ್ದ.

ಚೆನ್ನಬಸಮ್ಮನವರು ಮೊಣಕಾಲಿಗೆ ಕೈಯೂರಿ ಎದ್ದರು. "ಮಾರುತೇಶಪ್ಪಾ," ಅಂದರು. ಆ ಕಡೆ ಅತ್ತೆಯಾದವಳು ಅಳಿಯನ ಹೆಸರು ಹಿಡಿಯುವುದಿಲ್ಲ. ಓಣಿಯ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. "ಚೀಲದಾಗಿಂದ ತೆಗದಿದ್ದು ಚೀಲಕ್ಕ ತುಂಬಿ ಕೊಡ್ರಿ."

ಅವನ ಹೆಂಡತಿ ತಾನು ತುಂಬಲು ಓಡಿ ಬಂದಳು. "ನೀವು ಮುಟ್ಟಬ್ಯಾಡ್ರಿ," ಅಂದೆ. "ನೀವು ತೆಗದಿಲ್ಲ."

ಅವನೇ ತುಂಬಿದ. ಸೀರೆ ಇಟ್ಟ, ಎಲೆ ಅಡಿಕೆಯ ಚೀಲ ಇಟ್ಟ, ಲಂಗವನ್ನು ಹೇಗೆ ಹಿಡಿಯಬೇಕು ಅಂತ ತಿಳಿಯದೆ ಮುದ್ದೆ ಮಾಡಿ ತುರುಕಿದ. ಎಣ್ಣೆ ಬಾಟಲಿಯ ಮುಚ್ಚಳ ಕಟ್ಟೆಯ ಕೆಳಗೆ ಉರುಳಿತ್ತು. ಅದಕ್ಕೂ ಬಗ್ಗಿದ. ಚೀಲವನ್ನು ಸುಂಕಮ್ಮನ ಮುಂದೆ ಇಟ್ಟು ಹೊರಗೆ ನಡೆದ. ತಪ್ಪಾಯ್ತು ಅನ್ನಲು ಮೂರೇ ಅಕ್ಷರ ಬೇಕು. ಇಷ್ಟು ಲೆಕ್ಕ ಬಲ್ಲವನ ಬಾಯಲ್ಲಿ ಆ ಮೂರು ಬರಲಿಲ್ಲ.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕಳ್ಳಿ ಅಂತ ಅನಿಸಿಕೊಂಡದ್ದು ಓಣಿಯ ಮುಂದೆ. ಬರೀ ಚೀಲ ತುಂಬಿದರೆ ಮುಗಿಯಿತೇ?

"ಚೆನ್ನಬಸಮ್ಮಾರ, ನಾಳೆ ಪಂಕ್ತಿಯಾಗ ತುಪ್ಪ ಸುಂಕಮ್ಮ ಬಡಸ್ತಾಳ. ಒಪ್ಪಿದ್ರ ಒಲಿ ಹಚ್ತೀವಿ."

ಅಂಥ ಊಟದಲ್ಲಿ ಅನ್ನ, ಸಾರು ಯಾರು ಬೇಕಾದರೂ ಬಡಿಸುತ್ತಾರೆ. ತುಪ್ಪದ ಗಿಂಡಿ ಮಾತ್ರ ಮನೆಯವರ ಕೈಯಲ್ಲೇ ಇರುತ್ತದೆ. ಮನೆಯವರಲ್ಲೂ ನಂಬಿಕೆಯವರು. ಆಕೆ ಬಹಳ ಹೊತ್ತು ಯೋಚಿಸಲಿಲ್ಲ. ಹೊರಗೆ ಹೋಗಿ ಅಳಿಯನಿಂದ ಉಗ್ರಾಣದ ಬೀಗದ ಕೈ ಇಸಿದುಕೊಂಡು ಬಂದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆಕೀನ ಬಡಸ್ಲಿ," ಅಂದರು. ತುಳಸಿ ಒಲೆ ಹಚ್ಚಿದಳು.

ಮರುದಿನ ಐನೂರು ಮಂದಿ ಉಂಡರು. ಸುಂಕಮ್ಮ ಅದೇ ಚೀಲದ ಸೀರೆಯನ್ನು, ಅವನು ಎಳೆದಾಡಿದ ಸೀರೆಯನ್ನೇ, ಉಟ್ಟುಕೊಂಡು ಗಿಂಡಿ ಹಿಡಿದು ಸಾಲಿನ ಉದ್ದಕ್ಕೂ ನಡೆದಳು. ಓಣಿಯ ಹೆಂಗಸರು "ಇನ್ನೊಂಚೂರು ಹಾಕವ್ವಾ" ಅಂತ ಕೇಳಿ ಹಾಕಿಸಿಕೊಂಡರು. ಗಂಡಸರ ಪಂಕ್ತಿಯಲ್ಲಿ ಅಳಿಯ ನಡುವೆ ಕೂತಿದ್ದ. ನಾನು ಹೋಳಿಗೆ ತಟ್ಟೆ ಹಿಡಿದು ಅವಳ ಹಿಂದೆಯೇ ಇದ್ದೆ. ಅವಳು ಅವನ ಎಲೆಯ ಮುಂದೆ ನಿಂತಳು, ಗಿಂಡಿ ಬಗ್ಗಿಸಲಿಲ್ಲ.

"ಎಷ್ಟು ಹಾಕ್ಲಿ, ಹೇಳ್ರಿ," ಅಂದಳು. ಮೆತ್ತಗೇ ಅಂದಳು.

ಅಕ್ಕಪಕ್ಕದವರು ತಿನ್ನುವುದು ನಿಲ್ಲಿಸಿದರು. ಅವನು ತಲೆ ಎತ್ತದೆ ಹೋಳಿಗೆಯ ಮೇಲೆ ಅಂಗೈ ಅಡ್ಡ ಹಿಡಿದ. ಅವಳು ಒಂದು ಗಳಿಗೆ ಕಾದು ಮುಂದಿನ ಎಲೆಗೆ ಹೋದಳು. ಆ ಮನೆಯ ಅಳಿಯ ಅವತ್ತು ಒಣ ಹೋಳಿಗೆ ತಿಂದ. ನೀರು ಮಾತ್ರ ಎರಡು ಸಲ ಕೇಳಿ ಹಾಕಿಸಿಕೊಂಡ. ನನ್ನ ಹೊಟ್ಟೆ ತಣ್ಣಗಾಯಿತು.

ಎಲ್ಲರದೂ ಮುಗಿದ ಮೇಲೆ ನಾವು ಅಡುಗೆಯವರು ಎಲೆ ಹಾಕಿಕೊಂಡೆವು. ಸುಂಕಮ್ಮ ಇನ್ನೂ ಗಿಂಡಿ ಕೆಳಗೆ ಇಟ್ಟಿರಲಿಲ್ಲ. ತುಳಸಿಗೆ ಹಾಕಿ ನನ್ನ ಎಲೆಗೆ ಬಂದಳು. ನಾನು ನಿನ್ನೆಯಿಂದ ಗೆದ್ದ ಖುಷಿಯಲ್ಲಿದ್ದೆ. "ಹೆಂಗ ಮಾಡಿದೆ ನೋಡು ಅವನ್ನ! ಬಾಯಾಗ ಒಂದು ತಪ್ಪಾತು ಬರ್ಲಿಲ್ಲ ನೋಡು," ಅಂದೆ.

ಅವಳು ಬಗ್ಗಿ ತುಪ್ಪ ಹಾಕುತ್ತಾ, ನನಗೊಬ್ಬಳಿಗೇ ಕೇಳುವಂತೆ ಅಂದಳು.

"ಅಕ್ಕಾ, ಅವ ಮೊಬೈಲ್ ತೋರಿಸಿದಾಗ ನೀನೂ ನನ್ನ ಮುಖ ನೋಡಿದ್ದಿ."

ತುತ್ತು ನನ್ನ ಕೈಯಲ್ಲೇ ಉಳಿಯಿತು. ಹದಿನಾಲ್ಕು ವರ್ಷ ಒಂದೇ ಮಣೆಯ ಎದುರುಬದುರು ಕೂತವಳು ನಾನು. ಅವನಿಗಾದರೆ ಅವಳ ಪರಿಚಯ ಎರಡು ದಿನದ್ದು. ಸಿಟ್ಟು ಬಂತು, ಯಾರ ಮೇಲೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

"ತಪ್ಪಾತವ್ವಾ ಸುಂಕಮ್ಮಾ," ಅಂದೆ.

ಅವಳು ನನ್ನ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿ, ಗಿಂಡಿ ಕೆಳಗಿಟ್ಟು, ನನ್ನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಳು.